ಮಲೆನಾಡಿನ ಗದ್ದೆಗಿಳಿದ ನವಿಲು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಅಡಿಕೆ ತೋಟಕ್ಕೂ ಸೊಪ್ಪಿನಬೆಟ್ಟಕ್ಕೂ ನಡುವಣ ಕಿರಿದಾದ ಗದ್ದೆಬಯಲನ್ನು ನಂಬಿ ಬದುಕುವ ಕೃಷಿಕನಿಗೆ ಪಕ್ಷಿಗಳ ಉಪದ್ರವವು ಹೊಸತಲ್ಲ. ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಗಿಳಿವಿಂಡು ಎರಗುವುದೂ, ಅದನ್ನೋಡಿಸಲು ಮಾಳದಲ್ಲಿ ಕುಳಿತು ಡಬ್ಬ ಬಡಿಯುವುದೂ, ಹಳೆಯ ಅಂಗಿ ತೊಡಿಸಿದ ಬೆರ್ಚಪ್ಪನನ್ನು ನಡುಗದ್ದೆಯಲ್ಲಿ ನಿಲ್ಲಿಸುವುದೂ ಅವನ ತಾತ ಮುತ್ತಾತಂದಿರ ಕಾಲದಿಂದ ನಡೆದುಬಂದ ವ್ಯವಹಾರಗಳೇ. ಈಚಿನ ವರ್ಷಗಳಲ್ಲಿ ಮಾತ್ರ ಅವನ ದೂರಿನಲ್ಲಿ ಒಂದು ಹೊಸ ಹೆಸರು ಸೇರಿಕೊಂಡಿದೆ, ಅದು ನವಿಲು. ಅಗೆ ಹಾಕಿದ ಮಡಿಯನ್ನು ಕೆದಕಿ ಮೊಳೆತ ಬೀಜವನ್ನು ಹೆಕ್ಕುವ, ತರಕಾರಿ ಸಾಲಿನ ಎಳೆಗುಡಿಯನ್ನು ಚಿವುಟುವ, ಮಾಗಿದ ಭತ್ತವನ್ನು ತಿನ್ನುವುದಲ್ಲದೆ ತುಳಿದೂ ಕೆಡಿಸುವ ಈ ಹಕ್ಕಿಯ ವಿಷಯದಲ್ಲಿ ಏನು ಮಾಡತಕ್ಕದ್ದು ಎಂಬುದು ಭಕ್ತಿಗಾಗಲಿ ರೋಷಕ್ಕಾಗಲಿ ಎಡೆಗೊಡದೆ ವಿಚಾರಿಸಬೇಕಾದ ಪ್ರಶ್ನೆ.

ನವಿಲು ಈ ನಾಡಿಗೆ ಪರದೇಶದಿಂದ ಬಂದುದಲ್ಲ. ಅದು ಭಾರತದ್ದೇ ಹಕ್ಕಿ. ಆದರೆ ಎಲೆಯುದುರುವ ಕಾಡನ್ನೂ ಕುರುಚಲನ್ನೂ ಬಯಲು ಹೊಲಗಳನ್ನೂ ಮೆಚ್ಚುವ, ನೆಲದ ಮೇಲೆಯೇ ಪೊದೆಯ ಮರೆಯಲ್ಲಿ ಮೊಟ್ಟೆಯಿಡುವ ಪ್ರಾಣಿಯಾದುದರಿಂದ, ಜಡಿಮಳೆಯ ದಟ್ಟಾರಣ್ಯವು ಅದಕ್ಕೆ ಒಗ್ಗುವ ನೆಲೆಯಲ್ಲ. ಹೀಗೆ ಒಣನಾಡಿನ ಹಕ್ಕಿಯೊಂದು ಮಳೆನಾಡಿಗೆ ಸರಿದುಬರುವ ಸಂಗತಿಯನ್ನು ವಿದ್ವಾಂಸರು ಸಮೀಪದಿಂದ ಪರಿಶೀಲಿಸಿರುವುದು ನೆರೆಯ ಕೇರಳದಲ್ಲಿ. 1933ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಪಕ್ಷಿಗಳನ್ನು ಸರ್ವೇಕ್ಷಣ ಮಾಡಿದಾಗ ಅವರಿಗೆ ಒಂದು ನವಿಲೂ ಗೋಚರವಾಗಲಿಲ್ಲ. ಇಂದು ಆ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಅದು ಗದ್ದೆಯ ಹಕ್ಕಿಯಾಗಿಬಿಟ್ಟಿದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಸ್ತರಣವನ್ನು ಹವಾಮಾನದ ಬದಲಾವಣೆಯ ಕುರುಹೆಂದೇ ಪರಿಗಣಿಸಿದೆ. ದೇಶದಾದ್ಯಂತ ಸುಮಾರು ಮೂವತ್ತು ಸಾವಿರ ಪಕ್ಷಿವೀಕ್ಷಕರ ದಾಖಲೆಗಳನ್ನು ಆಧರಿಸಿ 2023ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯೂ, ಬಹುಸಂಖ್ಯೆಯ ಹಕ್ಕಿಗಳು ಕ್ಷೀಣಿಸುತ್ತಿರುವ ಕಾಲದಲ್ಲಿ ನವಿಲು ವಿಶೇಷವಾಗಿ ವೃದ್ಧಿ ಹೊಂದುತ್ತಿದೆಯೆಂದು ಸಾರಿತು. ನಮ್ಮ ಮೂರು ತಾಲೂಕುಗಳಲ್ಲಿ ಕಾಡು ತೆಳುವಾದುದು, ಗುಡ್ಡಗಳು ಅಕೇಶಿಯ ನೆಡುತೋಪುಗಳಾದುದು, ಬ್ಯಾಣಗಳು ಶುಂಠಿಯ ಹೊಲಗಳಾದುದು, ಇವೆಲ್ಲ ಸೇರಿ ನವಿಲು ನಡೆದುಬರಲು ತೆರಪಾದ ದಾರಿಯೊಂದನ್ನು ಒದಗಿಸಿಕೊಟ್ಟಿವೆಯೆಂದೇ ನನ್ನ ಭಾವನೆ.

ಹಕ್ಕಿಯೊಂದನ್ನು ಮನುಷ್ಯನೇ ಕೈಯಾರೆ ಕೊಂಡೊಯ್ದು ಪೀಡೆಯನ್ನಾಗಿ ಮಾಡಿಕೊಂಡ ಕಥೆಯನ್ನು ಕೇಳಬೇಕಾದರೆ ಅದೇ ತೋಟದಂಚಿನಲ್ಲಿ ದನದ ಹಿಂದೆ ಮಿಡತೆ ಹಿಡಿಯುತ್ತ ಓಡಾಡುವ ಗೊರವಂಕನ ಕಡೆಗೆ ತಿರುಗಬೇಕು. 1762ರಲ್ಲಿ ಮಾರಿಷಸ್ ದ್ವೀಪದ ಬೆಳೆಗಳಿಗೆ ಕೆಂಪು ಮಿಡತೆ ಬಿದ್ದಾಗ, ಅಲ್ಲಿನ ಫ್ರೆಂಚ್ ಅಧಿಕಾರಿಗಳು ಭಾರತದಿಂದ ಗೊರವಂಕಗಳನ್ನು ತರಿಸಿ ಬಿಟ್ಟರು. ಪೀಡಕ ಕೀಟವನ್ನು ಅದರ ಶತ್ರುವಿನಿಂದಲೇ ನಿಗ್ರಹಿಸುವ ವಿದ್ಯೆಯ ಇತಿಹಾಸದಲ್ಲಿ ಇದು ಆದ್ಯ ಪ್ರಯೋಗಗಳಲ್ಲೊಂದೆಂದು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆ ಯಶಸ್ಸಿನ ವಾರ್ತೆ ಹಬ್ಬಿ, ಒಂದು ಶತಮಾನದ ಬಳಿಕ, 1860ರ ದಶಕದಲ್ಲಿ ಮೆಲ್ಬರ್ನಿಗೂ, 1883ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಗೂ ಇದೇ ಹಕ್ಕಿಯ ಪ್ರಯಾಣವಾಯಿತು. ಹವಾಯಿ ದ್ವೀಪಕ್ಕೆ 1865ರಲ್ಲಿ ಗೊರವಂಕವನ್ನು ಒಯ್ದ ವೈದ್ಯ ವಿಲಿಯಂ ಹಿಲೆಬ್ರಾಂಡನು ಕೆಲವು ವರ್ಷಗಳ ಹಿಂದೆಯೇ ಅಲ್ಲಿ ಲಂಟಾನವನ್ನೂ ಹೂವಿನ ಅಂದಕ್ಕಾಗಿ ನೆಟ್ಟಿದ್ದನು. ಗೊರವಂಕ ಹುಳುವನ್ನು ತಿಂದಿತು, ನಿಜ. ಆದರೆ ಲಂಟಾನದ ಹಣ್ಣನ್ನೂ ತಿಂದು, ಅದರ ಬೀಜವನ್ನು ಗುಡ್ಡಗುಡ್ಡಕ್ಕೆ ಬಿತ್ತಿತು. ಹೋದೆಡೆಯಲ್ಲೆಲ್ಲ ಅದು ಮರದ ಪೊಟರೆಗಳನ್ನು ಆಕ್ರಮಿಸಿ ಸ್ಥಳೀಯ ಹಕ್ಕಿಗಳ ಸಂತಾನಕ್ಕೆ ಎಡೆಯಿಲ್ಲದಂತೆ ಮಾಡಿತು. ಹಣ್ಣಿನ ತೋಟಗಳಿಗೂ ಲಗ್ಗೆಯಿಟ್ಟಿತು. 2000ದಲ್ಲಿ ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಶೀಲ ಜೀವಿಗಳ ಪಟ್ಟಿ ಸಿದ್ಧವಾದಾಗ ಅದರಲ್ಲಿ ಸ್ಥಾನ ಪಡೆದ ಮೂರೇ ಪಕ್ಷಿಗಳಲ್ಲಿ ಒಂದು ಗೊರವಂಕ, ಇನ್ನೊಂದು ನಮ್ಮ ಬೇಲಿಸಾಲಿನ ಪಿಕಳಾರ. ತಮ್ಮ ನೆಲೆಯಲ್ಲಿ ಬಹುಮಟ್ಟಿಗೆ ನಿರುಪದ್ರವಿಗಳಾಗಿ, ಕೃಷಿಕನಿಗೆ ಉಪಕಾರಿಗಳಾಗಿಯೂ ಇರುವ ಎರಡು ಹಕ್ಕಿಗಳು ಸಮುದ್ರದಾಚೆಗೆ ಈ ದುಷ್ಕೀರ್ತಿಗೆ ಪಾತ್ರವಾದುವೆಂಬುದನ್ನು ನೆನೆದರೆ, ಪೀಡಕತ್ವವು ಹಕ್ಕಿಯ ಹುಟ್ಟುಗುಣವಲ್ಲ, ಅದಕ್ಕೂ ನೆಲಕ್ಕೂ ನಡುವಣ ಸಂಬಂಧದ ವಿಕಾರವೆಂದು ಒಪ್ಪಲೇಬೇಕಾಗುತ್ತದೆ.

ಹೀಗೆ ಬೇರೂರಿದ ಪಕ್ಷಿಯನ್ನು ಹಿಮ್ಮೆಟ್ಟಿಸುವ ಕಾರ್ಯವು ಎಷ್ಟು ದುಸ್ಸಾಧ್ಯವೆಂಬುದಕ್ಕೂ ಗೊರವಂಕವೇ ನಿದರ್ಶನ. ಸೆಶೆಲ್ಸ್‌ನ ಫ್ರೆಗೇಟ್ ಮತ್ತು ಡೆನಿಸ್ ಎಂಬ ಪುಟ್ಟ ದ್ವೀಪಗಳಿಂದ ಅದನ್ನು ನಿರ್ಮೂಲಗೊಳಿಸಲು ಸಾಧ್ಯವಾಯಿತು. ಆದರೆ ಬೋನುಗಳಲ್ಲಿ ಹಿಡಿಯಲ್ಪಟ್ಟ ಮೊದಲಿನ ಹಕ್ಕಿಗಳಿಗಿಂತ, ಬೋನನ್ನು ಕಂಡು ಪಾಠ ಕಲಿತು ದೂರ ನಿಂತ ಕಡೆಯ ಕೆಲವೇ ಹಕ್ಕಿಗಳಿಗಾಗಿ ಪಡಬೇಕಾದ ಶ್ರಮವು ಬಹಳ ಹೆಚ್ಚು. ಸುತ್ತ ನೀರಿಲ್ಲದ ವಿಶಾಲ ಭೂಮಿಯಲ್ಲಂತೂ ಆ ಮಾತೇ ಇಲ್ಲ. ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರದಲ್ಲಿ 2006ರಿಂದ ನಾಗರಿಕರೇ ಸಂಘ ಕಟ್ಟಿಕೊಂಡು, ಹಿತ್ತಲುಗಳಲ್ಲಿ ಬೋನುಗಳನ್ನಿರಿಸಿ, ಅಪಾರ ಸಂಖ್ಯೆಯ ಗೊರವಂಕಗಳನ್ನು ಹಿಡಿದರು. ಬೋನಿಟ್ಟ ಸ್ಥಳಗಳ ಸುತ್ತ ಅವುಗಳ ಸಂಖ್ಯೆ ಇಳಿದುದನ್ನು ಸಂಶೋಧಕರು ಕಂಡರಾದರೂ, ವಿಸ್ತಾರವಾದ ಪ್ರದೇಶವನ್ನು ಒಟ್ಟಾಗಿ ನೋಡಿದಾಗ ಆ ಪರಿಣಾಮ ಅಷ್ಟಾಗಿ ತೋರಲಿಲ್ಲ. ಇದು ತಿಳಿದುದಾದರೂ ಹೇಗೆ? ಹಿಡಿದುದೆಷ್ಟು ಎಂಬುದನ್ನಷ್ಟೇ ಅಲ್ಲದೆ ಉಳಿದುದೆಷ್ಟು ಎಂಬುದನ್ನೂ ವರ್ಷವರ್ಷವೂ ಎಣಿಸಿದುದರಿಂದ.

ನವಿಲಿನ ವಿಷಯದಲ್ಲಿ ಬೋನಾಗಲಿ ಕೋವಿಯಾಗಲಿ ನಮ್ಮ ಮುಂದಿರುವ ಮಾರ್ಗಗಳಲ್ಲ. ಅದು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವುದರಿಂದ, ಪ್ರಾಣಿಯನ್ನು ಪೀಡಕವೆಂದು ಘೋಷಿಸುವ ಸರ್ಕಾರದ ಅಧಿಕಾರವೂ ಅದಕ್ಕೆ ತಗುಲದು. 2016ರಲ್ಲಿ ಗೋವಾ ರಾಜ್ಯದಲ್ಲಿ ಅಂಥ ಘೋಷಣೆಯ ಮಾತು ಎದ್ದಾಗ ದೇಶಾದ್ಯಂತ ಗದ್ದಲವಾಯಿತು. ಕದ್ದುಮುಚ್ಚಿ ವಿಷದ ಕಾಳು ಚೆಲ್ಲುವುದು ಅಪರಾಧವಷ್ಟೇ ಅಲ್ಲ, ಅವಿವೇಕವೂ ಹೌದು. ಆ ಕಾಳು ನವಿಲನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ, ಕಾಡುಕೋಳಿಯೂ ಪಾರಿವಾಳವೂ ಮನೆಯ ಕೋಳಿಯೂ ಅದಕ್ಕೆ ಈಡಾಗುವುವು.

ಉಳಿದಿರುವುದು ಗದ್ದೆಯ ರಕ್ಷಣೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1980ರ ದಶಕದಲ್ಲಿ ಕೃಷಿಪಕ್ಷಿಗಳ ಬಗೆಗೇ ಒಂದು ಅಖಿಲ ಭಾರತ ಯೋಜನೆಯನ್ನು ಆರಂಭಿಸಿತು. ಕೆಂಪು ಮತ್ತು ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿಯನ್ನು ತೆನೆಗಳಿಗಿಂತ ತುಸು ಎತ್ತರದಲ್ಲಿ ಕಂಬದಿಂದ ಕಂಬಕ್ಕೆ ಬಿಗಿದು, ಗಾಳಿಗೆ ಮಿನುಗಿ ಮೊರೆಯುವಂತೆ ಮಾಡುವುದು ಅಂಥ ಸಂಶೋಧನೆಗಳಿಂದ ಪ್ರಚಾರಕ್ಕೆ ಬಂದ ಉಪಾಯ. ಹಾರಿ ಎರಗುವ ಗಿಳಿವಿಂಡಿಗೆ ಅದು ತಕ್ಕ ಮದ್ದು. ನವಿಲಾದರೋ ಬಹುಮಟ್ಟಿಗೆ ನಡೆದೇ ಗದ್ದೆಗಿಳಿಯುವ ಹಕ್ಕಿ. ಆದುದರಿಂದ ಕಾಡಿಗೆ ತಾಗಿದ ಅಂಚಿನಲ್ಲಿ ಎದೆಯೆತ್ತರದವರೆಗೆ ನೈಲಾನ್ ಬಲೆಯನ್ನೋ ಮುಳ್ಳುಬೇಲಿಯನ್ನೋ ಹಬ್ಬಿಸುವುದೂ, ಅಗೆಮಡಿಯನ್ನು ಮೊಳಕೆ ಬಲಿಯುವವರೆಗೆ ಬಲೆಯಿಂದ ಮುಚ್ಚುವುದೂ ಹೆಚ್ಚು ಸಮಂಜಸ. ಗರ್ನಾಲಿನ ಸದ್ದಿಗೂ ಬೆರ್ಚಪ್ಪನಿಗೂ ಹಕ್ಕಿಗಳು ಬೇಗನೆ ಒಗ್ಗಿಹೋಗುವುದರಿಂದ, ಯಾವ ಉಪಾಯವನ್ನೂ ಬೆಳೆಗೆ ಅಪಾಯವಿರುವ ಕೆಲವು ವಾರಗಳಿಗಷ್ಟೇ ಸೀಮಿತಗೊಳಿಸಿ, ಆಗಾಗ ಬದಲಿಸುತ್ತಿರಬೇಕು.

ಆದರೆ ಯಾವ ಊರಿನಲ್ಲಿ ಎಷ್ಟು ನವಿಲುಗಳಿವೆ, ಯಾವ ಬೆಳೆಗೆ ಯಾವ ತಿಂಗಳಲ್ಲಿ ಎಷ್ಟು ನಷ್ಟ ಎಂಬುದು ಗೊತ್ತಾಗದೆ, ಬಲೆಗೆ ಹಾಕುವ ಹಣವು ಸಾರ್ಥಕವೋ ವ್ಯರ್ಥವೋ ಹೇಳಲಾಗದು. 1912ರಷ್ಟು ಹಿಂದೆಯೇ ಪೂಸಾ ಕೃಷಿ ಸಂಶೋಧನಾಲಯದ ಮೇಸನ್ ಮತ್ತು ಲೆಫ್ರಾಯ್ ಎಂಬವರು ಹಕ್ಕಿಗಳ ಜಠರಗಳನ್ನು ಬಿಡಿಸಿ, ಒಳಗಿನ ಕಾಳನ್ನೂ ಕೀಟವನ್ನೂ ಬೇರ್ಪಡಿಸಿ, ಉಪಕಾರ ಅಪಕಾರಗಳ ಲೆಕ್ಕವನ್ನು ಗ್ರಂಥರೂಪದಲ್ಲಿ ಒದಗಿಸಿದ್ದರು. ಹುಳುಹುಪ್ಪಟೆಯನ್ನೂ ಸಣ್ಣ ಹಾವನ್ನೂ ತಿನ್ನುವ ನವಿಲಿಗೆ ಆ ಲೆಕ್ಕದಲ್ಲಿ ಎರಡೂ ಕಡೆ ಬರೆಯತಕ್ಕದ್ದುಂಟು.

ಎಣಿಕೆಗೆ ದುಬಾರಿ ಸಾಧನಗಳೇನೂ ಬೇಡ. ಮುಂಗಾರಿಗೆ ಮುಂಚಿನ ವಾರಗಳಲ್ಲಿ, ಗಂಡುನವಿಲುಗಳು ಬೆಳಗು ಬೈಗುಗಳಲ್ಲಿ ಕೂಗುವ ಕಾಲಕ್ಕೆ, ಗೊತ್ತಾದ ಸ್ಥಳದಲ್ಲಿ ಗೊತ್ತಾದ ಹೊತ್ತು ನಿಂತು, ಎಷ್ಟು ದಿಕ್ಕುಗಳಿಂದ ಕೂಗು ಕೇಳಿತೆಂದು ಬರೆದಿಟ್ಟು, ಮರುವರ್ಷ ಅದೇ ಸ್ಥಳದಲ್ಲಿ ಅದೇ ಹೊತ್ತಿಗೆ ಅದನ್ನೇ ಮಾಡಬೇಕು. ಕೂಗಿನಿಂದ ಮುಖ್ಯವಾಗಿ ಗಂಡುಗಳ ಲೆಕ್ಕವಷ್ಟೇ ದೊರೆಯುವುದರಿಂದ, ಹೆಣ್ಣನ್ನೂ ಮರಿಗಳನ್ನೂ ಗದ್ದೆಯಂಚಿನಲ್ಲಿ ಕಂಡಾಗ ಬೇರೆಯಾಗಿ ನಮೂದಿಸಬೇಕು. ಮರಿಗಳು ಕಂಡುವೆಂದರೆ ಹಕ್ಕಿ ಅಲ್ಲಿ ಸುಮ್ಮನೆ ಹಾದುಹೋದುದಲ್ಲ, ನೆಲೆನಿಂತಿದೆಯೆಂದು ಅರ್ಥ. ಎಲ್ಲಕ್ಕಿಂತ ಮಿಗಿಲಾಗಿ, ನವಿಲು ಕಾಣದ ಊರಿನಲ್ಲಿ ಕಾಣಲಿಲ್ಲವೆಂದೇ ಬರೆಯಬೇಕು. ಕೇರಳದವರು ಹೊಸ ಹಕ್ಕಿಯ ಆಗಮನವನ್ನು ಪ್ರಮಾಣಸಹಿತವಾಗಿ ಹೇಳಬಲ್ಲವರಾದುದು, ತೊಂಬತ್ತು ವರ್ಷಗಳ ಹಿಂದೆ ಅದು ಅಲ್ಲಿರಲಿಲ್ಲವೆಂಬ ದಾಖಲೆ ಅವರ ಕೈಯಲ್ಲಿದ್ದುದರಿಂದ. ಮಂಡಗದ್ದೆಯ ತುಂಗಾತೀರದಲ್ಲಿ ನಿಂತು ಬೆಳ್ಳಕ್ಕಿಗಳ ಗೂಡುಗಳನ್ನು ಮಕ್ಕಳಿಗೆ ತೋರಿಸುವ ಅಧ್ಯಾಪಕರಿಗೆ ಈ ಕೆಲಸ ಕಷ್ಟವಾಗದು.

ದಾಖಲೆ ಇಡುವುದಕ್ಕೆ ಸ್ಥಳವೂ ಸಿದ್ಧವಾಗಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯೊಂದನ್ನು ಇಟ್ಟುಕೊಂಡಿರಬೇಕು. ಆ ದಾಖಲಾತಿಯಲ್ಲಿ ನವಿಲಿನ ಕೂಗಿನ ಎಣಿಕೆಗೂ, ಕೆಟ್ಟ ಅಗೆಮಡಿಯ ಅಳತೆಗೂ, ಬಲೆ ಕಟ್ಟಿದ ಗದ್ದೆಯಲ್ಲಿ ಉಳಿದ ಫಸಲಿಗೂ ಒಂದು ಪುಟವನ್ನು ಮೀಸಲಿಟ್ಟು, ಸಾಗರದ ಒಂದು ಪಂಚಾಯಿತಿ, ಹೊಸನಗರದ ಒಂದು, ತೀರ್ಥಹಳ್ಳಿಯ ಒಂದು ಮೊದಲುಮಾಡಿದರೂ ಸಾಕು. ಪರಿಹಾರ ಕೇಳಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋಗುವ ಕೃಷಿಕನು ಬರಿಯ ಅಳಲನ್ನಲ್ಲದೆ, ವರ್ಷ, ತಿಂಗಳು, ಬೆಳೆ, ವಿಸ್ತೀರ್ಣಗಳನ್ನು ನಮೂದಿಸಿ ಪಂಚಾಯಿತಿಯ ಮೊಹರು ಒತ್ತಿಸಿದ ಕಾಗದವನ್ನು ಮೇಜಿನ ಮೇಲಿಡಬಹುದು.