ಪಾಳಣಾಘರದ ನಿಯಮ ಬದಲಾದಾಗ ತಾಯಿತಂದೆಗಳಿಗೆ ತಿಳಿಸುವ ಬಗೆ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗಂಡಹೆಂಡಿರಿಬ್ಬರೂ ದುಡಿಯಹೋಗುವ ಮನೆಗಳು ಈಗ ಬಹಳ. ಊರಿನಲ್ಲಾದರೆ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಹೊಲಕ್ಕೆ ಹೋಗಬಹುದಿತ್ತು. ಇಲ್ಲಿ ಅಜ್ಜಿ ಇಲ್ಲ. ಬಂದರೂ ನಮ್ಮ ಖೋಲಿಯಲ್ಲಿ ಆಕೆ ಕಾಲು ಚಾಚುವಷ್ಟು ಜಾಗವಿಲ್ಲ. ಆದ್ದರಿಂದ ಚಾಳಿನಲ್ಲಿ ಯಾರಾದರೊಬ್ಬ ಹೆಣ್ಣುಮಗಳು ತನ್ನ ಮನೆಯಲ್ಲಿಯೇ ನಾಲ್ಕಾರು ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಬೆಳೆದುಬಂದಿದೆ. ಮರಾಠಿಯವರು ಇದಕ್ಕೆ ಪಾಳಣಾಘರವೆನ್ನುತ್ತಾರೆ. ನಾವೂ ಅದೇ ಹೆಸರಿಗೆ ಒಗ್ಗಿಹೋಗಿದ್ದೇವೆ. ಐವತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರತಕ್ಕದ್ದೆಂದು 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿಯಾಯಿತು. ಆದರೆ ಹತ್ತು ಹೊಲಿಗೆ ಯಂತ್ರಗಳ ಕಾರಖಾನೆಗೋ ನಾಲ್ಕು ಮನೆಗಳ ಪಾತ್ರೆ ತೊಳೆಯುವುದಕ್ಕೋ ಹೋಗುವ ತಾಯಿಗೆ ಅದರಿಂದ ಬಂದುದೇನೂ ಇಲ್ಲ. ಆಕೆಗೆ ನೆರೆಮನೆಯ ಪಾಳಣಾಘರವೇ ಗತಿ.

ಕಳೆದ ಮಳೆಗಾಲದಲ್ಲಿ ನಮ್ಮ ಚಾಳಿನಲ್ಲಿ ನಡೆದುದನ್ನು ಹೇಳುತ್ತೇವೆ. ಇಲ್ಲಿ ಪಾಳಣಾಘರ ನಡೆಸುವ ಮಾವಶಿಯವರು ಒಳ್ಳೆಯ ಹೆಸರು ಪಡೆದವರು. ಮನೆಯವರಿಗೆ ಕಾಯಿಲೆಯಾದ್ದರಿಂದ, ರಾತ್ರಿ ಎಂಟೂವರೆಯ ಬದಲು ಏಳಕ್ಕೇ ಮುಚ್ಚಬೇಕೆಂದು ನಿಶ್ಚಯಿಸಿ, ಶನಿವಾರ ಕೂಸುಗಳನ್ನು ಒಯ್ಯಲು ಬಂದವರಿಗೆಲ್ಲ ಬಾಗಿಲಲ್ಲೇ ಹೇಳಿದರು. ಒಂದು ಕೂಸನ್ನು ಒಯ್ಯಲು ಆ ದಿನ ಬಂದವನು ಅದರ ಕಾಕಾ. ಮಳೆಯಲ್ಲಿ ಓಡಿದವನು ಮಾತನ್ನು ಮೆಟ್ಟಿಲ ಮೇಲೆಯೇ ಬಿಟ್ಟುಹೋದ. ಸೋಮವಾರ ಎಂಟೂಕಾಲಿಗೆ ತಾಯಿ ಬಂದಾಗ ಬಾಗಿಲು ಮುಚ್ಚಿತ್ತು. ಕೂಸು ಪಕ್ಕದ ಖೋಲಿಯವರ ತೊಡೆಯ ಮೇಲೆ ಅತ್ತು ಅತ್ತು ನಿದ್ದೆಹೋಗಿತ್ತು. ಮಾತಿಗೆ ಮಾತು ಬೆಳೆಯಿತು. ಮರುದಿನದಿಂದ ಕೂಸು ಬರಲಿಲ್ಲ. ಅದನ್ನು ನೋಡಿಕೊಳ್ಳಲು ನಾಲ್ಕನೆಯ ಇಯತ್ತೆಯಲ್ಲಿ ಓದುವ ಅಕ್ಕ ಪಾಟಿಚೀಲ ಗೂಟಕ್ಕೆ ಹಾಕಿ ಮನೆಯಲ್ಲಿ ಕುಳಿತಳು. ನಾವು ಕೆಲವರು ನಡುವೆ ಬಿದ್ದು ಸರಿಪಡಿಸುವ ಹೊತ್ತಿಗೆ ಹದಿನೇಳು ದಿನ ಆಕೆಯ ಶಾಲೆ ತಪ್ಪಿತ್ತು.

ವಿಚಾರಿಸಿ ನೋಡಿದರೆ ನಿಯಮ ಅನ್ಯಾಯದ್ದಲ್ಲ. ತಿಳಿಸಿದ ರೀತಿ ಸರಿಯಿರಲಿಲ್ಲ.

ಗಿರಣಿಯ ಕಾರಕೂನರಾದ ನಮಗೆ ನೋಟೀಸು ಬರೆದು ಹಲಗೆಗೆ ಅಂಟಿಸುವುದು ನಿತ್ಯದ ಕೆಲಸ. (ಅದನ್ನು ಓದುವವರು ಎಷ್ಟು ಜನ ಎಂಬುದೂ ಗೊತ್ತುಂಟು.) ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ 9-ಎ ಎಂಬ ಕಲಮನ್ನು ಸೇರಿಸಿದರು. ಪಗಾರ, ಕೆಲಸದ ಹೊತ್ತು, ಪಾಳಿ ಮುಂತಾದವನ್ನು ಬದಲಿಸುವ ಮಾಲೀಕನು 21 ದಿನ ಮುಂಚಿತವಾಗಿ ನೋಟೀಸು ಕೊಡಬೇಕೆಂಬುದು ಅದರ ಸಾರ. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದ ಹೊಸ ಸಂಹಿತೆಯೂ ಈ 21 ದಿನಗಳನ್ನು ಹಾಗೆಯೇ ಇಟ್ಟುಕೊಂಡಿದೆ. ಪಾಳಣಾಘರಕ್ಕೆ ಈ ಕಲಮು ಹತ್ತುವುದಿಲ್ಲ, ನಿಜ. ಆದರೆ ಗಿರಣಿಯ ಪಾಳಿ ಬದಲಾದರೆ ನಮ್ಮ ಊಟ ನಿದ್ದೆಗಳು ಏರುಪೇರಾಗುವಂತೆ, ಪಾಳಣಾಘರದ ಹೊತ್ತು ಬದಲಾದರೆ ತಾಯಿಯ ಕೆಲಸವೇ ಹೋಗಬಹುದು. ಆದ್ದರಿಂದ ಮೂರು ವಾರವಾದರೂ ಮುಂಚೆ ಹೇಳುವುದು ಯೋಗ್ಯ.

ಬಾಯಿಮಾತು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಒಂದು ಚೀಟಿಯೂ ಇರಲಿ. ಚೀಟಿಯನ್ನು ಹೀಗೆ ಬರೆಯಬಹುದು:

"ಮುಂದಿನ ತಿಂಗಳ 1ನೆಯ ತಾರೀಖಿನಿಂದ ಪಾಳಣಾಘರವು ಸಂಜೆ 7ಕ್ಕೆ ಮುಚ್ಚುವುದು. ಇದುವರೆಗೆ 8-30 ಇತ್ತು. ಮನೆಯವರ ಆರೈಕೆ ಇರುವುದರಿಂದ ಹೀಗೆ ಮಾಡಬೇಕಾಗಿದೆ. ಏಳರೊಳಗೆ ಬರಲಾಗದವರು 15ನೆಯ ತಾರೀಖಿನೊಳಗೆ ನನ್ನೊಡನೆ ಮಾತನಾಡಬೇಕು."

ಮೊದಲು ಏನಿತ್ತು, ಈಗ ಏನು, ಎಂದಿನಿಂದ, ಏಕೆ, ಅನುಕೂಲವಾಗದವರು ಏನು ಮಾಡಬೇಕು, ಎಲ್ಲವೂ ಇದರಲ್ಲಿ ಬಂದಿದೆ. ಓದಬರುವ ಭಾಷೆಯಲ್ಲಿಯೇ ಬರೆಯಬೇಕು. ಒಂದೇ ಚಾಳಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಬೇಕಾದೀತು. ಓದಬಾರದವರಿಗೆ ಓದಿ ಹೇಳಬೇಕು. ತಾಯಿಗೆ ಅಥವಾ ತಂದೆಗೆ ಖುದ್ದಾಗಿ ಕೊಡಬೇಕೇ ಹೊರತು ಕಾಕಾ ಮಾಮಾಗಳ ಕೈಗಲ್ಲ. ಈಗ ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಮನೆಗೊಂದೇ ಫೋನು ಇದ್ದು ಅದು ಗಂಡನ ಜೇಬಿನಲ್ಲಿದ್ದರೆ ತಾಯಿಗೆ ತಿಳಿಯುವುದು ಎಂದು?

ಎಲ್ಲಕ್ಕಿಂತ ಕಷ್ಟದ ನಿಯಮ ಕಾಯಿಲೆಯದು. "ಜ್ವರ ಬಂದ ಕೂಸನ್ನು ತರಬೇಡಿ" ಎಂದಷ್ಟೇ ಹೇಳಿದರೆ ದಿನವೂ ಬಾಗಿಲಲ್ಲಿ ವಾದ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಅಥವಾ ಮೇಲಿದ್ದರೆ ಜ್ವರವೆಂದೂ, ಔಷಧ ಕೊಡದೆಯೇ 24 ಗಂಟೆ ಜ್ವರವಿಲ್ಲದಿದ್ದ ಮೇಲೆ ತರಬಹುದೆಂದೂ ಖಚಿತವಾಗಿ ತಿಳಿಸಬೇಕು. ಬೆಳಿಗ್ಗೆ ಆರಕ್ಕೆ ಪ್ಯಾರಾಸಿಟಮಾಲ್ ಕುಡಿಸಿದರೆ ಏಳಕ್ಕೆ ಮೈ ತಣ್ಣಗಿರುತ್ತದೆ. ಹತ್ತು ಹನ್ನೊಂದಕ್ಕೆ ಜ್ವರ ಮತ್ತೆ ಏರುತ್ತದೆ. ಮಾವಶಿಗೆ ಇದು ತಿಳಿಯದೆ ಅವರೂ ಒಂದು ಚಮಚ ಕೊಟ್ಟರೆ ಔಷಧ ಇಮ್ಮಡಿಯಾದೀತು. ಆದ್ದರಿಂದ ಏನು, ಎಷ್ಟು, ಎಷ್ಟು ಗಂಟೆಗೆ ಕೊಟ್ಟೆವೆಂಬ ಚೀಟಿಯಿಲ್ಲದೆ ಪಾಳಣಾಘರದಲ್ಲಿ ಯಾವ ಔಷಧವನ್ನೂ ಕೊಡಕೂಡದು. ದಡಾರವಾದರೆ ಗುಳ್ಳೆ ಕಾಣುವ ನಾಲ್ಕು ದಿನ ಮುಂಚಿನಿಂದಲೇ ಹರಡುತ್ತದೆ. ಗುಳ್ಳೆ ಎದ್ದ ಮೇಲೆಯೂ ನಾಲ್ಕು ದಿನ ಕೂಸು ಮನೆಯಲ್ಲಿರಬೇಕು. ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸಿಗೆ ಗುಳ್ಳೆಗಳೆಲ್ಲ ಒಣಗಿ ಹಕ್ಕು ಕಟ್ಟುವವರೆಗೆ.

ರಜೆಯಿರುವ ಕಾರಕೂನನಿಗೆ ಇದೆಲ್ಲ ಒಪ್ಪಿಗೆ. ದಿನಗೂಲಿಯ ತಾಯಿಗೆ ಒಂದು ದಿನ ಮನೆಯಲ್ಲಿ ಕುಳಿತರೆ ಆ ದಿನದ ಅಕ್ಕಿಗೆ ಸಂಚಕಾರ. ಅದರ ಮೇಲೆ ಬಾರದ ದಿನಗಳ ಹಣವನ್ನೂ ಪಾಳಣಾಘರಕ್ಕೆ ಪೂರಾ ತೆರಬೇಕೆಂದರೆ, ಆಕೆ ಜ್ವರವನ್ನು ಮುಚ್ಚಿಟ್ಟು ಕೂಸನ್ನು ತಂದು ಬಿಡುತ್ತಾಳೆ. ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಮಾವಶಿಯವರದೂ ಬಡತನವೇ, ಒಪ್ಪಿದೆವು. ಕಾಯಿಲೆಯ ದಿನಗಳಿಗೆ ಅರ್ಧ ಹಣವೆಂದು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡರೆ ನಿಜ ಹೇಳಲು ಯಾರಿಗೂ ಅಂಜಿಕೆಯಿರದು. ನಮ್ಮ ಚಾಳಿನಲ್ಲಿ ಈಗ ಹಾಗೆ ನಡೆದಿದೆ.

ಇನ್ನು ಕೆಲವು ನಿಯಮಗಳಿಗೆ ಕಾರಣ ಹೇಳದಿದ್ದರೆ ತಾಯಂದಿರಿಗೆ ಅವಮಾನವೆನಿಸುತ್ತದೆ. ಡಬ್ಬಿಯಲ್ಲಿ ಇಡಿ ಶೇಂಗಾ, ಪುಟಾಣಿ ಕಳಿಸಬೇಡಿರೆಂದಾಗ ಒಬ್ಬಾಕೆ, "ನಮ್ಮೂರ ಶೇಂಗಾ ಇವರಿಗೆ ಕೀಳಾಯಿತೇ?" ಎಂದಳಂತೆ. ಸಣ್ಣ ಕೂಸುಗಳ ಉಸಿರುಗೊಳವೆಯಲ್ಲಿ ಇಡಿ ಕಾಳು ಸಿಕ್ಕಿಕೊಂಡು ಉಸಿರು ಕಟ್ಟುವ ಭಯವುಂಟೆಂದು ತಿಳಿಸಿದ ಮೇಲೆ ಅದೇ ತಾಯಿ ಶೇಂಗಾ ಕುಟ್ಟಿ ಬೆಲ್ಲ ಬೆರೆಸಿ ಕಳಿಸತೊಡಗಿದಳು.

ಚೀಟಿ ಬರೆಸಬೇಕಾದವರು ಶನಿವಾರ ಸಂಜೆ ಆರರಿಂದ ಎಂಟರವರೆಗೆ ವಾಚನಾಲಯಕ್ಕೆ ಬರಬಹುದು. ಕನ್ನಡ, ಮರಾಠಿ, ಹಿಂದಿಗಳಲ್ಲಿ ಬರೆದುಕೊಡುತ್ತೇವೆ. ಹಣ ಬೇಡ; ಕಾಗದ ಮಾತ್ರ ತಾವೇ ತರಬೇಕು.