ಎಲ್‌ಇಡಿ ಬೆಳಕಿಗೆ ಬಣ್ಣ ಹೋಗುವುದಿಲ್ಲವೇ?

ಎಪ್ಪತ್ತರ ದಶಕದ ಕನ್ನಡ ಸಿನಿಮಾವೊಂದರ ಪದ್ಯಾವಳಿ, ಅಂದರೆ ಹಾಡುಗಳ ಪುಸ್ತಿಕೆ, ನಮ್ಮ ಮನೆಯಲ್ಲಿದೆ. ಅಮ್ಮ ಹುಡುಗಿಯಾಗಿದ್ದಾಗ ಟಾಕೀಸಿನ ಬಾಗಿಲಲ್ಲಿ ಕೊಂಡದ್ದು. ಕೆಲವು ವರ್ಷಗಳ ಹಿಂದೆ ಅದಕ್ಕೊಂದು ಆಳವಾದ ಕಟ್ಟು ಹಾಕಿಸಿ, ಒಳಗಡೆ ಸುತ್ತಲೂ ಎಲ್‌ಇಡಿ ಸ್ಟ್ರಿಪ್ ಅಂಟಿಸಿ ಹಾಲ್‌ನಲ್ಲಿ ತೂಗುಹಾಕಿದೆ. ಮೊನ್ನೆ ಬಿಚ್ಚಿ ನೋಡಿದರೆ, ಮೌಂಟ್ ಬೋರ್ಡಿನ ಅಂಚು ಮುಚ್ಚಿದ್ದ ಕಡೆ ಬೆರಳಗಲ ಪಟ್ಟಿಯಲ್ಲಿ ಕುಂಕುಮದಂಥ ಕೆಂಪು ಹಾಗೇ ಇತ್ತು. ಬೆಳಕು ಬಿದ್ದ ನಡುಭಾಗ ಮಾತ್ರ ನೀಲಿಗೆ ತಿರುಗಿತ್ತು. ಮುಖಪುಟದಲ್ಲಿ ನಾಯಕಿ ಉಟ್ಟ ಸೀರೆ ಯಾವ ಬಣ್ಣದ್ದೆಂದು ಈಗ ಆ ಪಟ್ಟಿ ನೋಡಿಯೇ ಊಹಿಸಬೇಕು.

ಕ್ರಿಕೆಟಿಗರ ಸಹಿ ಇರುವ ಪುಟ್ಟ ಬ್ಯಾಟು, ಹಳೆಯ ನಾಣ್ಯ, ಅಂಚೆಚೀಟಿ, ಮ್ಯಾಚಿನ ಟಿಕೆಟ್ಟು ಇಂಥವಕ್ಕೆಲ್ಲ ದೀಪದ ಚೌಕಟ್ಟನ್ನು ಬಹಳ ಜನ ಈಗ ತಾವೇ ಮಾಡಿಕೊಳ್ಳುತ್ತಾರೆ. ಕೆಲಸ ಕಷ್ಟದ್ದಲ್ಲ. ಕೆಡಿಸುವುದು ನಮ್ಮ ನಂಬಿಕೆಗಳು.

ಮೊದಲನೆಯದು, ನಾನೂ ನಂಬಿದ್ದು: ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಇಲ್ಲ, ಹಾಗಾಗಿ ಬಣ್ಣ ಮಾಸುವುದಿಲ್ಲ. ಅರ್ಧ ನಿಜ. ಟ್ಯೂಬ್‌ಲೈಟಿಗೆ ಹೋಲಿಸಿದರೆ ಬಿಳಿ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಣ್ಣ ಕೆಡಿಸಲು ಕಣ್ಣಿಗೆ ಕಾಣುವ ಬೆಳಕೇ ಸಾಕು. ಕೆಂಪು ಶಾಯಿ ಕೆಂಪಾಗಿ ಕಾಣುವುದು ಅದು ನೀಲಿ, ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ. ಅವು ಹೆಚ್ಚು ಶಕ್ತಿಯ ಕಿರಣಗಳು. ಹೀರಿದ ಶಕ್ತಿ ಬಣ್ಣದ ಅಣುವನ್ನೇ ಒಡೆಯುತ್ತದೆ. ಹಳದಿಯದೂ ಇದೇ ಪಾಡು. ಅಚ್ಚಿನ ನೀಲಿ ಮತ್ತು ಇಂಗಾಲದ ಕಪ್ಪು ಗಟ್ಟಿ ಜಾತಿಯವು, ಅವು ಕೊನೆಗೆ ಉಳಿಯುತ್ತವೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಬಿಸಿಲುಂಡ ಪೋಸ್ಟರುಗಳೆಲ್ಲ ನೀಲಿಯಾಗಿರುವುದು ಇದಕ್ಕೇ.

ಇಲ್ಲಿ ಲೆಕ್ಕ ಮುಖ್ಯ. ಬೆಳಕಿನ ಹಾನಿ ಸೇರುತ್ತ ಹೋಗುತ್ತದೆ, ಎಂದೂ ಹಿಂದಕ್ಕೆ ಬರುವುದಿಲ್ಲ. ಎಷ್ಟು ಲಕ್ಸ್ ಬೆಳಕು ಎಷ್ಟು ಗಂಟೆ ಬಿತ್ತು ಎಂಬ ಗುಣಾಕಾರವೇ ಅದರ ಅಳತೆ. ಕಾಗದ, ಬಟ್ಟೆ, ಜಲವರ್ಣದಂಥವನ್ನು ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕಿನಲ್ಲಿಡುತ್ತವೆ. ಬೇಗ ಮಾಸುವ ವಸ್ತುಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ ಮೀರಬಾರದೆಂಬುದು ಅವುಗಳಲ್ಲಿ ರೂಢಿಯಲ್ಲಿರುವ ಮಿತಿ. ನಾಲ್ಕೂ ಬದಿಗೆ ಸ್ಟ್ರಿಪ್ ಹಾಕಿದ ಎರಡಡಿಯ ಚೌಕಟ್ಟಿನೊಳಗೆ 1,000 ಲಕ್ಸ್ ದಾಟುವುದು ಸುಲಭ. ದಿನಕ್ಕೆ ಆರು ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 22 ಲಕ್ಷ ಲಕ್ಸ್-ಗಂಟೆ. ನೂರು ವರ್ಷಕ್ಕೂ ಹೆಚ್ಚು ಕಾಲ ಬರಬೇಕಾದ ಪಾಲನ್ನು ಒಂದೇ ವರ್ಷದಲ್ಲಿ ಉಡಾಯಿಸಿದಂತಾಯಿತು. ಅದನ್ನೇ ಡಿಮ್ಮರ್ ಹಾಕಿ 100 ಲಕ್ಸ್‌ಗೆ ಇಳಿಸಿ, ದಿನಕ್ಕೆ ಇಪ್ಪತ್ತು ನಿಮಿಷ ಹಚ್ಚಿದರೆ ದೀಪದ ಪಾಲು 12,000ದ ಆಸುಪಾಸು. ಮಂದ ಹಳದಿ ಛಾಯೆಯ, 2700ರಿಂದ 3000 ಕೆಲ್ವಿನ್‌ನ ಸ್ಟ್ರಿಪ್ ಆರಿಸಿ. ಹಾಲಿನಂಥ ಬಿಳಿ ಸ್ಟ್ರಿಪ್‌ಗಿಂತ ಅದರಲ್ಲಿ ನೀಲಿ ಅಂಶ ಕಡಿಮೆ.

ನೇರಳಾತೀತ ಕಿರಣ ತಡೆಯುವ ಯುವಿ ಗಾಜು ಹಾಕಿಸಿದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಕಿಟಕಿಯ ಬಿಸಿಲಿಗೆ ಅದು ಒಳ್ಳೆಯ ರಕ್ಷಣೆಯೇ. ಆದರೆ ಕಾಣುವ ಬೆಳಕನ್ನು ಅದು ತಡೆಯುವುದಿಲ್ಲ. ತಡೆದರೆ ಒಳಗಿರುವುದು ನಮಗೇ ಕಾಣದು. ನಿಮ್ಮ ಸ್ಟ್ರಿಪ್ ಅಂತೂ ಗಾಜಿನ ಒಳಬದಿಯಲ್ಲೇ ಇದೆ.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ಮಾತಿಗೆ ಸ್ಟ್ರಿಪ್‌ನ ಬೆನ್ನು ಮುಟ್ಟಿ ನೋಡುವುದೇ ಉತ್ತರ. ಬೆಳಕಿನ ಜೊತೆ ಶಾಖದ ಕಿರಣ ಹೆಚ್ಚು ಬರುವುದಿಲ್ಲ, ಸರಿ. ಆದರೆ ಚಿಪ್ ಮತ್ತು ರೆಸಿಸ್ಟರುಗಳ ಬಿಸಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುತ್ತದೆ. ದೀಪ ಹಚ್ಚಿದಾಗ ಕಾಗದ ಒಣಗುತ್ತದೆ, ಆರಿಸಿದಾಗ ತೇವ ಹೀರುತ್ತದೆ, ದಿನವೂ ಹಿಗ್ಗಿ ಕುಗ್ಗಿ ಕೊನೆಗೆ ಸೊಟ್ಟಗಾಗುತ್ತದೆ. ಸ್ಟ್ರಿಪ್ಪನ್ನು ಮರಕ್ಕೆ ಅಂಟಿಸಬೇಡಿ. ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿ. ಅಡಾಪ್ಟರ್ ಹೊರಗಿರಲಿ.

ಅಡಾಪ್ಟರ್ ಬಗ್ಗೆ ಇನ್ನೊಂದು ಹೆದರಿಕೆ: ಆಂಪಿಯರ್ ಜಾಸ್ತಿಯಿದ್ದರೆ ಸ್ಟ್ರಿಪ್ ಸುಟ್ಟುಹೋಗುತ್ತದಂತೆ. ಇಲ್ಲ. ಹೊಂದಬೇಕಾದ್ದು ವೋಲ್ಟೇಜು, 12 ವೋಲ್ಟಿನ ಸ್ಟ್ರಿಪ್‌ಗೆ 12 ವೋಲ್ಟೇ ಕೊಡಬೇಕು. ಕರೆಂಟನ್ನು ಸ್ಟ್ರಿಪ್ ತನಗೆ ಬೇಕಾದಷ್ಟು ಮಾತ್ರ ಎಳೆದುಕೊಳ್ಳುತ್ತದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕಟ್ಟಿಗೆ ಸುತ್ತಲೂ ಸುಮಾರು 2.1 ಮೀಟರ್ ಬೇಕು. ಮೀಟರಿಗೆ 4.8 ವ್ಯಾಟ್‌ನ ಸ್ಟ್ರಿಪ್ ಆದರೆ ಒಟ್ಟು 10 ವ್ಯಾಟ್, ಅಂದರೆ ಒಂದು ಆಂಪಿಯರಿಗೂ ಕಡಿಮೆ. 2 ಆಂಪಿಯರಿನ ಅಡಾಪ್ಟರ್ ಹಾಯಾಗಿ ನಡೆಸುತ್ತದೆ. ಕಡಿಮೆ ಸಾಮರ್ಥ್ಯದ ಅಡಾಪ್ಟರ್ ತಂದರೆ ಅದೇ ಬಿಸಿಯಾಗಿ ಕೆಡುತ್ತದೆ.

ಹಿಂದುಗಡೆ ಯಾರಿಗೂ ಕಾಣುವುದಿಲ್ಲ, ಯಾವ ರಟ್ಟಾದರೂ ನಡೆಯುತ್ತದೆ ಎಂಬುದು ದೊಡ್ಡ ತಪ್ಪು. ಸಾಮಾನ್ಯ ರಟ್ಟಿನಲ್ಲಿ ಆಮ್ಲದ ಅಂಶವಿದೆ. ಅದು ಕಾಗದಕ್ಕಿಳಿದು ಕಂದು ಕಲೆ ಕಟ್ಟುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳಿಂದಲೂ ಆಮ್ಲದ ಆವಿ ಬರುತ್ತಲೇ ಇರುತ್ತದೆ, ಪೆಟ್ಟಿಗೆ ಬೆಚ್ಚಗಾದಷ್ಟೂ ಹೆಚ್ಚು. ಆಮ್ಲರಹಿತ ಮೌಂಟ್ ಬೋರ್ಡಿಗೆ ದುಡ್ಡು ಹೆಚ್ಚು, ಆದರೆ ಖರ್ಚು ಮಾಡಬೇಕಾದ ಜಾಗ ಅದೇ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ: ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಂಗುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಬಿಸಿ ಅಂಟು ನಾರಿಗೆ ಕೂತು, ಮತ್ತೆ ಬಿಡಿಸಲಾಗದು. ನಾಲ್ಕು ಮೂಲೆಗೆ ಪಾಲಿಯೆಸ್ಟರ್ ಕಾರ್ನರ್ ಸಿಕ್ಕಿಸಿ. ವಸ್ತುವಿಗೆ ಒಂದು ಹನಿ ಅಂಟೂ ತಾಗುವುದಿಲ್ಲ.

ಗಾಜಿಗೂ ಕಾಗದಕ್ಕೂ ನಡುವೆ ಸ್ವಲ್ಪ ಜಾಗ ಬಿಡಿ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಅಜ್ಜ-ಅಜ್ಜಿಯರ ಫೋಟೊ ಗಾಜಿಗೇ ಕಚ್ಚಿಕೊಂಡಿರುವುದನ್ನು ನೀವೂ ಕಂಡಿರಬಹುದು. ಫೋಟೊ ಮೇಲಿನ ಜೆಲಟಿನ್ ಪದರ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಚೌಕಟ್ಟು ತೂಗುಹಾಕದಿರುವುದು ಒಳ್ಳೆಯದು.

ನಾಣ್ಯದ ವಿಷಯದಲ್ಲಿ ನಮ್ಮವರ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ. ತಿಕ್ಕಿದರೆ ಫಳಫಳ ಹೊಳೆಯುತ್ತದೆ, ದೀಪದ ಕೆಳಗೆ ಚೆನ್ನಾಗಿ ಕಾಣುತ್ತದೆ ಎಂದು. ದೇವರ ಮನೆಯ ತಾಮ್ರದ ಚೊಂಬಿಗೆ ಅದು ಸರಿ. ನಾಣ್ಯದ ಮೇಲೆ ಕಾಲಾಂತರದಲ್ಲಿ ಕಟ್ಟಿದ ಬಣ್ಣದ ಪದರ ಅದರ ವಯಸ್ಸಿನ ಸಾಕ್ಷಿ, ಕೆಳಗಿನ ಲೋಹಕ್ಕೆ ಹೊದಿಕೆಯೂ ಹೌದು. ಹುಳಿ ಅದನ್ನು ತಿಂದುಹಾಕುತ್ತದೆ, ತಿಕ್ಕಿದ ಗೆರೆಗಳು ಉಳಿಯುತ್ತವೆ, ಸಂಗ್ರಾಹಕರು ಕೊಡುವ ಬೆಲೆಯೂ ಬಿದ್ದುಹೋಗುತ್ತದೆ. ಪಿವಿಸಿ ಪೌಚು ಬೇಡ, ಅದರಿಂದ ತಾಮ್ರದ ಮೇಲೆ ಹಸಿರು ಜಿಗುಟು ಏಳುತ್ತದೆ. ಬೆಳ್ಳಿ ನಾಣ್ಯದ ಕೆಳಗೆ ಉಣ್ಣೆಯ ಬಟ್ಟೆ ಹಾಸಬೇಡಿ. ಉಣ್ಣೆಯಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಮಾಸಿದ ಸಹಿಯ ಮೇಲೆ ಹೊಸ ಪೆನ್ನಿನಿಂದ ತಿದ್ದುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಲ್ಲಿಗೆ ಅದು ಆಟಗಾರನ ಸಹಿಯಲ್ಲ, ನಿಮ್ಮ ಬರಹ.

ನಮ್ಮ ಪದ್ಯಾವಳಿಯನ್ನು ಈಗ ಪಾಲಿಯೆಸ್ಟರ್ ಹೊದಿಕೆಯಲ್ಲಿಟ್ಟು ಬೀರುವಿಗೆ ಸೇರಿಸಿದ್ದೇನೆ. ಸ್ಕ್ಯಾನ್ ಮಾಡಿ, ಆ ಬೆರಳಗಲದ ಪಟ್ಟಿಯ ಕೆಂಪನ್ನೇ ಆಧಾರವಾಗಿಟ್ಟು ಸೀರೆಗೆ ಬಣ್ಣ ಸರಿಪಡಿಸಿದ ಒಂದು ಪ್ರತಿ ಈಗ ಚೌಕಟ್ಟಿನಲ್ಲಿದೆ. ಸಂಜೆ ಅಮ್ಮ ಸ್ವಿಚ್ ಒತ್ತುತ್ತಾರೆ, ಒಂದು ಹಾಡು ಗುನುಗುತ್ತಾರೆ. ಇಪ್ಪತ್ತು ನಿಮಿಷಕ್ಕೆ ಟೈಮರ್ ತಾನೇ ದೀಪ ಆರಿಸುತ್ತದೆ.