ಶಿಲಾಗತ ಸುಪ್ತಕೋಶಗಳ ನಾಮನಿರ್ಣಯ

ತೊಣ್ಣೂರಿನ ಕೆರೆಗೆ ಹೆಸರುಗಳು ಹಲವು. ಅದಕ್ಕೆ ಯಾದವಸಮುದ್ರವೆಂಬ ಹೆಸರುಂಟು. ಶ್ರೀರಾಮಾನುಜಾಚಾರ್ಯರು ಅದನ್ನು ತಿರುಮಲಸಾಗರವೆಂದು ಕರೆದರೆಂಬುದು ಪ್ರತೀತಿ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗನು ಮೋತಿ ತಾಲಾಬ್ ಎಂದನು. ಸಮೀಪದ ಪಾಂಡವಪುರವಾದರೋ ಹಿಂದೆ ಹಿರೋಡೆಯಾಗಿದ್ದು, ಅನಂತರ ಫ್ರೆಂಚ್ ರಾಕ್ಸ್ ಎನಿಸಿಕೊಂಡಿತ್ತು. ಈ ಹೆಸರುಗಳನ್ನು ಹೊಂದಿಸುವುದು ಕಷ್ಟವಲ್ಲ. ಕೆರೆಯೂ ಊರೂ ಕಣ್ಣೆದುರಿಗೇ ಇರುವುವು. ಆದರೆ ಹೆಸರಿಡಬೇಕಾದ ಜೀವಿಯು ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದು, ಅದು ತೊರೆದುಹೋದ ಬರಿಯ ಕೋಶವೊಂದೇ ಕೈಗೆ ದೊರೆತಿರುವಾಗ, ಅದು ಯಾವುದೆಂದು ನಿರ್ಣಯಿಸುವ ಬಗೆ ಹೇಗೆ? ಗ್ರಂಥಸಂಪಾದನೆಯಲ್ಲಿಯೂ ಶಾಸನಪಠನದಲ್ಲಿಯೂ ಪಳಗಿದ ವಾಚಕರಿಗೆ ಈ ಪ್ರಶ್ನೆಯು ತೀರ ಅಪರಿಚಿತವೆನಿಸದೆಂದು ನಂಬಿ, ಇಲ್ಲಿ ಡೈನೋಫ್ಲಾಜೆಲೇಟುಗಳೆಂಬ ಸೂಕ್ಷ್ಮಜೀವಿಗಳ ಸುಪ್ತಕೋಶಗಳ ವಿಚಾರವನ್ನು ವಿವರಿಸುವೆವು.

ಮೊದಲೇ ಹೇಳಬೇಕಾದ ಮಾತೊಂದುಂಟು. ತೊಣ್ಣೂರಿನ ಗುಡ್ಡಗಳ ಕಲ್ಲನ್ನು ಎಷ್ಟು ಒಡೆದರೂ ಇಂತಹ ಕೋಶವು ಸಿಕ್ಕಲಾರದು. ಮೈಸೂರು ಸೀಮೆಯ ಈ ಭಾಗಕ್ಕೆ ತಳಹದಿಯಾದ ನೈಸ್ ಶಿಲೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಭೂಗರ್ಭದ ತಾಪದಲ್ಲಿ ಬೆಂದು ರೂಪಾಂತರ ಹೊಂದಿದುದು. ಈ ಕೋಶಗಳಾದರೋ ಸುಮಾರು 24 ಕೋಟಿ ವರ್ಷಗಳಿಂದೀಚಿನ ಪದರಗಳಲ್ಲಿ ಮಾತ್ರ ನಿಸ್ಸಂದೇಹವಾಗಿ ಕಾಣಬರುತ್ತವೆ. ಆದುದರಿಂದ ನಾವು ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯ ಜೊತೆಯಲ್ಲಿಯೇ ತಿರುಚಿರಾಪಳ್ಳಿಯವರೆಗೆ ಇಳಿದು, ಅಲ್ಲಿಂದ ಈಶಾನ್ಯಕ್ಕೆ ತಿರುಗಬೇಕು. ನಮ್ಮ ನೈಸ್ ಶಿಲೆಯಂತಹುದೇ ಪುರಾತನ ನೆಲದ ಅಂಚಿನ ಮೇಲೆ ಅಲ್ಲಿ ಕ್ರಿಟೇಷಿಯಸ್ ಕಾಲದ ಕಡಲು ಏರಿಬಂದು ಸುಣ್ಣವನ್ನೂ ಕೆಸರನ್ನೂ ಹರಡಿಹೋಗಿದೆ. ದಾಲ್ಮಿಯಾಪುರದ ಸುಣ್ಣಕಲ್ಲಿನ ಗಣಿಗಳಲ್ಲಿ ಕಾಣುವ ಬೂದುಬಣ್ಣದ ಜೇಡಿಪದರವು ಸುಮಾರು 11 ಕೋಟಿ ವರ್ಷಗಳ ಹಿಂದಿನದು. ಈ ಪದರದ ಸೂಕ್ಷ್ಮಾವಶೇಷಗಳನ್ನು ಕೆ. ಪಿ. ಜೈನ್ ಮತ್ತು ತೋಗುರ್ದೋ-ಲಾಂಟ್ಸ್ ಎಂಬ ವಿದ್ವಾಂಸರು 1973ರಲ್ಲಿ ವರ್ಗೀಕರಿಸಿ ಪ್ರಕಟಿಸಿದರು. (ಊರಿಗೆ ಕಲ್ಲಕ್ಕುಡಿಯೆಂಬ ಹಳೆಯ ಹೆಸರೇ ಇರಬೇಕೆಂದು 1953ರಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಭೂವಿಜ್ಞಾನಿಗಳ ಗ್ರಂಥಗಳಲ್ಲಿ ಮಾತ್ರ ಶಿಲಾಪದರವು ದಾಲ್ಮಿಯಾಪುರದ ಹೆಸರಿನಲ್ಲಿಯೇ ಉಳಿದಿದೆ.)

ಡೈನೋಫ್ಲಾಜೆಲೇಟು ಏಕಕೋಶದ ಜೀವಿ. ಚಾಟಿಯಂತಹ ಎರಡು ಎಳೆಗಳಿಂದ ಅದು ನೀರಿನಲ್ಲಿ ತಿರುಗುತ್ತ ಈಸುತ್ತದೆ. ಒಂದು ಎಳೆಯು ನಡುವಿನ ಸುತ್ತುಕಾಲುವೆಯಲ್ಲಿಯೂ ಇನ್ನೊಂದು ಹಿಂದಕ್ಕೆ ಚಾಚಿಕೊಂಡೂ ಇರುವುದು. ಹಲವು ಬಗೆಗಳಿಗೆ ಸೆಲ್ಯುಲೋಸಿನ ಫಲಕಗಳಿಂದಾದ ಕವಚವಿರುತ್ತದೆ. ಜೀವಿಯು ಸತ್ತೊಡನೆ ಈ ಕವಚವು ಕೊಳೆತುಹೋಗುತ್ತದೆ. ಆದರೆ ಕೆಲವು ಬಗೆಗಳು ತಮ್ಮ ಜೀವನಚಕ್ರದ ಒಂದು ಘಟ್ಟದಲ್ಲಿ ಕವಚದೊಳಗೆಯೇ ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು ತಳದ ಕೆಸರಿನಲ್ಲಿ ಸುಪ್ತವಾಗಿರುತ್ತವೆ. ಕಾಲ ಒದಗಿದಾಗ ಜೀವಿಯು ಕೋಶದಲ್ಲೊಂದು ಕಿಂಡಿಯನ್ನು ತೆರೆದುಕೊಂಡು ಹೊರಬೀಳುವುದು. ಬರಿದಾದ ಈ ಕೋಶವೇ ಶಿಲೆಯಲ್ಲಿ ಉಳಿಯುವಂತಹುದು. ಅದರ ಗಾತ್ರವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಕಡಮೆ. ಅದರ ಗೋಡೆಯ ದ್ರವ್ಯವು ಎಷ್ಟು ಗಟ್ಟಿಯೆಂದರೆ, ಸುಣ್ಣವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ಮರಳುಜೇಡಿಗಳನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿಯೂ ಕರಗಿಸಿದ ಮೇಲೆಯೂ ಕೋಶವು ಕೆಡದೆ ಉಳಿದಿರುತ್ತದೆ.

ಇಂದು ಇದೆಲ್ಲ ಸರಳವಾಗಿ ತೋರುತ್ತದೆ. ಆದರೆ ಇಷ್ಟು ತಿಳಿಯುವುದಕ್ಕೆ ವಿದ್ವಾಂಸರಿಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಬರ್ಲಿನ್ನಿನ ಎಹ್ರೆನ್‌ಬರ್ಗನು 1830ರ ದಶಕದಲ್ಲಿ ಚಕಮಕಿಕಲ್ಲಿನ ತೆಳುಚಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಎರಡು ಬಗೆಯ ಅವಶೇಷಗಳನ್ನು ಕಂಡನು. ಫಲಕಗಳ ಗುರುತು ಸ್ಪಷ್ಟವಾಗಿದ್ದುವನ್ನು ಡೈನೋಫ್ಲಾಜೆಲೇಟುಗಳೆಂದು ಸರಿಯಾಗಿಯೇ ಹೇಳಿದನು. ಮೈತುಂಬ ಮುಳ್ಳುಗಳಿದ್ದುವನ್ನು ಮಾತ್ರ ಸಿಹಿನೀರಿನ ಪಾಚಿಯ ಜಾತಿಯಾದ ಕ್ಸಾಂಥಿಡಿಯಮ್‌ಗೆ ಸೇರಿಸಿದನು. ಹೊರರೂಪದ ಹೋಲಿಕೆಯನ್ನು ನಂಬಿ ಎಡವಿದುದಕ್ಕೆ ಇದೊಂದು ನಿದರ್ಶನ. ಮುಂದೆ 1933ರಲ್ಲಿ ಓಟೋ ವೆಟ್ಸೆಲ್ಲನು ಇವುಗಳಿಗೆ ಹಿಸ್ಟ್ರಿಕೋಸ್ಫೇರ, ಎಂದರೆ ಮುಳ್ಳುಹಂದಿಗೋಲ, ಎಂದು ಹೆಸರಿಟ್ಟನು. ಹೆಸರೇನೋ ಸೊಗಸಾದುದು, ಆದರೆ ಅದು ಜೀವಿಯ ಕುಲವನ್ನು ಹೇಳಲಿಲ್ಲ.

ಈ ಗಂಟನ್ನು ಬಿಡಿಸಿದುದು 1961ರಲ್ಲಿ ವಿಲಿಯಂ ಎವಿಟ್ ಎಂಬ ಅಮೆರಿಕೆಯ ವಿದ್ವಾಂಸನು. ಎಲ್ಲರೂ ಮುಳ್ಳುಗಳನ್ನು ನೋಡುತ್ತಿದ್ದರೆ ಅವನು ಗೋಡೆಯ ಕಿಂಡಿಯನ್ನು ನೋಡಿದನು. ಕಿಂಡಿಯು ಒಡಕಲ್ಲ, ಅದಕ್ಕೆ ನಿಯತವಾದ ಸ್ಥಾನವೂ ಆಕಾರವೂ ಉಂಟು, ಕವಚದ ಒಂದು ಫಲಕಕ್ಕೆ ಅದು ಸರಿಹೊಂದುತ್ತದೆ, ಮುಳ್ಳುಗಳು ಕೂಡ ಮನಬಂದಂತೆ ಎದ್ದುವಲ್ಲ, ಅಳಿದುಹೋದ ಫಲಕಗಳ ವಿನ್ಯಾಸವನ್ನೇ ಅನುಸರಿಸಿವೆ ಎಂದು ತೋರಿಸಿಕೊಟ್ಟನು. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಇತಿಹಾಸದಲ್ಲಿ ಇದಕ್ಕಿಂತ ಮಿಗಿಲಾದ ಶೋಧವಿಲ್ಲ.

ಅಂದಿನಿಂದ ನಿರ್ಣಯದ ಕ್ರಮವು ಹೀಗೆ ನೆಲೆಗೊಂಡಿದೆ. ಮೊದಲು ಕಿಂಡಿಯು ಎಲ್ಲಿದೆಯೆಂದು ನೋಡಬೇಕು: ತುದಿಯಲ್ಲಿಯೋ, ಸುತ್ತುಕಾಲುವೆಯ ಮೇಲಿನ ಸಾಲಿನಲ್ಲಿಯೋ, ಇವೆರಡರ ನಡುವಿನ ಫಲಕದಲ್ಲಿಯೋ. ಇಷ್ಟರಿಂದಲೇ ದೊಡ್ಡ ಗುಂಪು ಬಹುಮಟ್ಟಿಗೆ ಗೊತ್ತಾಗುತ್ತದೆ. ಬಳಿಕ ಫಲಕಗಳ ಗುರುತುಗಳನ್ನು ಎಣಿಸಿ, ಕೊಫಾಯ್ಡನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ಅಂಕನಪದ್ಧತಿಯಂತೆ ಒಂದೊಂದಕ್ಕೂ ಸಂಖ್ಯೆ ಕೊಡಬೇಕು. ಆಮೇಲೆ ಗೋಡೆಯ ಪದರಗಳು, ಮುಳ್ಳುಗಳ ಬುಡ, ಅವುಗಳ ತುದಿ. ಸ್ಪಿನಿಫೆರೈಟಿಸ್ ಜಾತಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಕಿಂಡಿಯು ಸುತ್ತುಕಾಲುವೆಯ ಮೇಲಿನ ಸಾಲಿನ ಮೂರನೆಯ ಫಲಕದಲ್ಲಿರುವುದು. ಫಲಕಗಳ ಅಂಚುಗಳು ಕೂಡುವ ಮೂಲೆಗಳಲ್ಲಿ ಮುಳ್ಳುಗಳೆದ್ದು, ಅವುಗಳ ತುದಿ ಮೂರಾಗಿ ಕವಲೊಡೆದಿರುವುದು. ಎಹ್ರೆನ್‌ಬರ್ಗನ ಮುಳ್ಳುಗೋಲಗಳಲ್ಲೊಂದು ಈಗ ಸ್ಪಿನಿಫೆರೈಟಿಸ್ ರಾಮೋಸಸ್ ಎನಿಸಿಕೊಂಡಿದೆ. ಮಾಂಟೆಲ್ಲನು 1850ರಲ್ಲಿಯೇ ಸ್ಪಿನಿಫೆರೈಟಿಸ್ ಎಂಬ ಹೆಸರನ್ನು ಇಟ್ಟಿದ್ದನಾದುದರಿಂದ, ಪೂರ್ವಪ್ರಾಪ್ತಿಯ ನಿಯಮದಂತೆ ವೆಟ್ಸೆಲ್ಲನ ಮುಳ್ಳುಹಂದಿಯು ಹಿಂದೆ ಸರಿಯಬೇಕಾಯಿತು.

ಹೊಸ ಪ್ರಭೇದವೆಂದು ಸಾರುವವನು ಒಂದು ಕೋಶವನ್ನು ಆದರ್ಶಮಾದರಿಯಾಗಿ ಗೊತ್ತುಮಾಡಿ, ಅದರ ಚಿತ್ರವನ್ನೂ ಲಕ್ಷಣವಾಕ್ಯವನ್ನೂ ಪ್ರಕಟಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆಯೆಂದು ತಿಳಿಸಬೇಕು. ಮುಂದೆ ವಿವಾದ ಬಂದರೆ ಎಲ್ಲರೂ ಆ ಕೋಶದ ಬಳಿಗೇ ಹಿಂದಿರುಗಬೇಕು. ಪಾಠಾಂತರಗಳ ಜಗಳದಲ್ಲಿ ಮೂಲಪ್ರತಿಗೆ ಮರಳುವಂತೆ. ಪಾಠಾಂತರಗಳೂ ಇಲ್ಲಿ ಹೇರಳ. ಮುಳ್ಳು ತುಸು ಗಿಡ್ಡವಾದ ಮಾತ್ರಕ್ಕೆ ಹೊಸ ಹೆಸರು ಕೊಡುವ ಆತುರವು ಈ ಶಾಸ್ತ್ರವನ್ನು ಬಹಳವಾಗಿ ಬಾಧಿಸಿದೆ. ಈ ದೋಷವು ಕೇವಲ ಹೆಸರಿನದಲ್ಲ. ಕೊಳವೆಬಾವಿಯಿಂದ ಮೇಲೆತ್ತಿದ ಪುಡಿಕಲ್ಲಿನ ಕಾಲವನ್ನು ಈ ಕೋಶಗಳಿಂದಲೇ ಗೊತ್ತುಹಚ್ಚುವುದುಂಟು. ಪ್ರಭೇದವು ತಪ್ಪಿದರೆ ಕಾಲವೂ ತಪ್ಪುತ್ತದೆ. ಇನ್ನೊಂದು ಅಪಾಯವೂ ಇದೆ. ಹಳೆಯ ಶಾಸನದ ಕಲ್ಲನ್ನು ಹೊಸ ಗುಡಿಯ ಗೋಡೆಗೆ ಕಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಹಳೆಯ ಪದರದ ಕೋಶಗಳು ಕೊಚ್ಚಿಬಂದು ಹೊಸ ಕೆಸರಿನಲ್ಲಿ ನೆಲಸುವುದುಂಟು.

ಕೊನೆಯ ತೊಡಕು ಬದುಕಿರುವ ಜೀವಿಗಳಿಂದಲೇ ಬಂದಿತು. 1960ರ ದಶಕದಲ್ಲಿ ಡೇವಿಡ್ ವಾಲ್ ಮತ್ತು ಬ್ಯಾರಿ ಡೇಲ್ ಎಂಬುವರು ಕಡಲಿನ ಕೆಸರಿನಿಂದ ಜೀವಂತ ಕೋಶಗಳನ್ನು ಆಯ್ದು, ಅವು ಮೊಳೆಯುವಂತೆ ಮಾಡಿದರು. ಸ್ಪಿನಿಫೆರೈಟಿಸ್ ಕೋಶದಿಂದ ಹೊರಬಂದುದು ಗೋನಿಯಾಲಾಕ್ಸ್ ಎಂಬ, ಬೇರೆಯೇ ಹೆಸರಿನಿಂದ ಎಂದೋ ಪರಿಚಿತವಾಗಿದ್ದ ಜೀವಿ! ಅಷ್ಟೇ ಅಲ್ಲದೆ, ಕೋಶಗಳನ್ನು ನೋಡಿ ಬೇರೆಬೇರೆಯೆಂದು ಬಗೆದಿದ್ದ ಹಲವು ಪ್ರಭೇದಗಳಿಂದ ಹೊರಟ ಜೀವಿಗಳು ಗೋನಿಯಾಲಾಕ್ಸ್ ಸ್ಪಿನಿಫೆರ ಎಂಬ ಒಂದೇ ಹೆಸರಿನ ಕೆಳಗೆ ಬಂದುವು. ಕೋಶತಜ್ಞರು ಅತಿಯಾಗಿ ಒಡೆದರೋ, ಕವಚತಜ್ಞರು ಅತಿಯಾಗಿ ಕೂಡಿಸಿದರೋ ಎಂಬ ಚರ್ಚೆಯು ಇದರಿಂದ ಹುಟ್ಟಿತು. ಎರಡನೆಯದೇ ಹೆಚ್ಚು ಸಂಭವವೆಂದು ನಮಗೆ ತೋರುತ್ತದೆ. ಸದ್ಯಕ್ಕೆ ಕೋಶಕ್ಕೊಂದು, ಕವಚಕ್ಕೊಂದು ಎಂದು ಎರಡು ಹೆಸರುಗಳನ್ನೂ ಬಳಕೆಯಲ್ಲಿ ಇಟ್ಟುಕೊಂಡಿದ್ದಾರೆ. ದಾಲ್ಮಿಯಾಪುರದ ಜೇಡಿಯಲ್ಲಿ ದೊರೆತ ಕೋಶಗಳನ್ನಾದರೋ ಮೊಳೆಯಿಸಿ ನೋಡುವಂತಿಲ್ಲ. ಅವುಗಳಿಗೆ ಕೋಶದ ಹೆಸರೊಂದೇ ಹೆಸರು. ಕಿಂಡಿ ಮತ್ತು ಮುಳ್ಳುಗಳು ಹೇಳುವಷ್ಟೇ ಸಾಕ್ಷ್ಯ.